ಮುನ್ನೂರರಿಂದ ನೂರರವರೆಗೆ: ಸುಮಿತ್ ನಗಾಲ್ ನಡೆದ ದಾರಿ

ಹತ್ತು ವರ್ಷದ ಹುಡುಗನೊಬ್ಬ ದೆಹಲಿಯ ಅಂಚಿನ ನಾಂಗ್ಲೋಯಿಯಿಂದ ಟೆನಿಸ್ ಕಲಿಯಲು ಬೆಂಗಳೂರಿಗೆ ಬಂದ. ಅವನು ಹುಟ್ಟಿದ್ದು 1997ರ ಆಗಸ್ಟ್ 16ರಂದು, ಹರಿಯಾಣದ ಝಜ್ಜರ್ ಜಿಲ್ಲೆಯ ಜೈತ್‌ಪುರದಲ್ಲಿ. ಕುಸ್ತಿಪಟು ಬಜರಂಗ್ ಪೂನಿಯಾ, ಶೂಟಿಂಗ್‌ನ ಮನು ಭಾಕರ್ ಇಬ್ಬರೂ ಅದೇ ಜಿಲ್ಲೆಯವರು. ಅಖಾಡಗಳಿಗೆ ಹೆಸರಾದ ಆ ಸೀಮೆಯಲ್ಲಿ ಟೆನಿಸ್ ಎಂದರೆ ಟಿ.ವಿ.ಯಲ್ಲಿ ಕಾಣುವ ದೂರದ ಆಟ. ತಂದೆ ಸುರೇಶ್ ನಗಾಲ್ ಸೇನೆಯ ಶಿಕ್ಷಣ ವಿಭಾಗದಲ್ಲಿ ದುಡಿದು, ನಂತರ ಶಾಲಾ ಶಿಕ್ಷಕರಾದವರು. ಮಗನಿಗೆ ಕ್ರಿಕೆಟ್ ಹುಚ್ಚು. ತಂದೆಗೆ ಮಾತ್ರ ಮಗ ಒಬ್ಬನೇ ನಿಂತು ಆಡುವ, ಗೆದ್ದರೂ ಸೋತರೂ ತಾನೇ ಹೊಣೆ ಹೊರುವ ಆಟ ಬೇಕಿತ್ತು.

ಮಹೇಶ್ ಭೂಪತಿ ಅಪೋಲೊ ಟೈರ್ಸ್ ಕಂಪನಿಯ ನೆರವಿನಿಂದ ಆಗ 'ಮಿಷನ್ 2018' ಎಂಬ ಯೋಜನೆ ಆರಂಭಿಸಿದ್ದರು. ದೇಶದ ಮೂಲೆಮೂಲೆಯಿಂದ ಪ್ರತಿಭಾವಂತ ಮಕ್ಕಳನ್ನು ಆಯ್ದು, ತರಬೇತಿ ಕೊಟ್ಟು, 2018ರ ಹೊತ್ತಿಗೆ ಭಾರತಕ್ಕೊಬ್ಬ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಚಾಂಪಿಯನ್‌ನನ್ನು ಕೊಡಬೇಕೆಂಬುದು ಅದರ ಗುರಿ. ಭೂಪತಿಯವರ ಮಾತಿಗೆ ತೂಕವಿತ್ತು. 1997ರಲ್ಲಿ ಜಪಾನಿನ ರಿಕಾ ಹಿರಾಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು, ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಎನಿಸಿದವರು ಅವರು. ಆಯ್ಕೆ ನಡೆಯುತ್ತಿದ್ದಾಗ ತಾನೇ ಹೋಗಿ ಭೂಪತಿಯವರ ಕೈ ಹಿಡಿದು, ನನ್ನ ಆಟ ನೋಡಿ ಎಂದು ಕೇಳಿದ್ದನ್ನು ನಗಾಲ್ ಮುಂದೆ ದೊಡ್ಡವರಾದ ಮೇಲೆ ಸಂದರ್ಶನದಲ್ಲಿ ನೆನಪಿಸಿಕೊಂಡಿದ್ದಾರೆ. ನೋಡಿದರು, ಆರಿಸಿಕೊಂಡರು. ಹೀಗೆ ಹರಿಯಾಣದ ಹುಡುಗನ ವೃತ್ತಿಜೀವನದ ಬುನಾದಿಗೆ ಬೆಂಗಳೂರಿನಲ್ಲಿ ಕಲ್ಲು ಬಿತ್ತು.

ಆ ಯೋಜನೆ ಬಹಳ ಕಾಲ ಉಳಿಯಲಿಲ್ಲ. ಆದರೆ ಭೂಪತಿ ಹುಡುಗನ ಕೈ ಬಿಡಲಿಲ್ಲ. ಇಲ್ಲಿಂದ ಕೆನಡಾದ ಟೊರಾಂಟೊ, ಅಲ್ಲಿಂದ ಜರ್ಮನಿ. ಹದಿಹರೆಯದ ವರ್ಷಗಳನ್ನೆಲ್ಲ ನಗಾಲ್ ಕಳೆದದ್ದು ತಾಯಿಯ ಅಡುಗೆಯಿಂದ, ತಾಯ್ನುಡಿಯಿಂದ, ಮನೆಮಂದಿಯಿಂದ ಸಾವಿರಾರು ಮೈಲಿ ದೂರದಲ್ಲಿ. ಭಾರತದ ಟೆನಿಸ್ ಕಥೆ ಹೇಳುವಾಗ ಈ ಭಾಗವನ್ನು ನಾವು ಒಂದು ಸಾಲಿನಲ್ಲಿ ದಾಟಿಬಿಡುತ್ತೇವೆ. ಹನ್ನೆರಡು–ಹದಿಮೂರರ ಮಗುವೊಂದು ಪರದೇಶದಲ್ಲಿ ಬೆಳಿಗ್ಗೆ ಎದ್ದು, ತನ್ನ ಬಟ್ಟೆ ತಾನೇ ಒಗೆದು, ದಿನಕ್ಕೆ ಐದಾರು ಗಂಟೆ ಚೆಂಡು ಹೊಡೆದು, ರಾತ್ರಿ ಫೋನಿನಲ್ಲಿ ಅಪ್ಪ–ಅಮ್ಮನ ದನಿ ಕೇಳಿ ಮಲಗುವ ಬದುಕು ಅದು. ಮುಂದೆ ನಗಾಲ್ ಅಂಕಣದಲ್ಲಿ ತೋರಿಸಿದ ಹಟಕ್ಕೆ ಅಲ್ಲಿಯೇ ಬೇರು ಇದೆ ಎಂದು ನನಗೆ ಅನ್ನಿಸುತ್ತದೆ.

ಫಲ 2015ರಲ್ಲಿ ಕಾಣಿಸಿತು. ಆ ವರ್ಷ ವಿಂಬಲ್ಡನ್ ಬಾಲಕರ ಡಬಲ್ಸ್ ಫೈನಲ್‌ನಲ್ಲಿ ನಗಾಲ್ ಮತ್ತು ವಿಯೆಟ್ನಾಂನ ಲೀ ಹೊವಾಂಗ್ ನಾಮ್ ಜೋಡಿ, ಅಕಿರಾ ಸಂಟಿಲಾನ್ ಮತ್ತು ಅಮೆರಿಕದ ರೈಲಿ ಒಪೆಲ್ಕಾ ಅವರನ್ನು 7–6, 6–4ರಿಂದ ಸೋಲಿಸಿತು. ರಾಮನಾಥನ್ ಕೃಷ್ಣನ್, ರಮೇಶ್ ಕೃಷ್ಣನ್, ಲಿಯಾಂಡರ್ ಪೇಸ್, ಸಾನಿಯಾ ಮಿರ್ಜಾ, ಯೂಕಿ ಭಾಂಬ್ರಿ ನಂತರ ಜೂನಿಯರ್ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಗೆದ್ದ ಭಾರತೀಯರ ಸಾಲಿಗೆ ಆರನೆಯ ಹೆಸರು ಸೇರಿತು. ಪತ್ರಿಕೆಗಳು ಫೋಟೊ ಹಾಕಿದವು, ಅಭಿನಂದನೆಗಳು ಬಂದವು. ನಮ್ಮಲ್ಲಿ ಇಂಥ ಕಥೆ ಎಷ್ಟೋ ಸಲ ಇಲ್ಲಿಗೇ ನಿಂತುಬಿಡುತ್ತದೆ.

ಆ ಫೈನಲ್‌ನಲ್ಲಿ ಸೋತ ಒಪೆಲ್ಕಾ ಅವರನ್ನೇ ನೋಡಿ. ಸುಮಾರು ಏಳಡಿ ಎತ್ತರದ ಈ ಹುಡುಗ ಅಮೆರಿಕದ ಟೆನಿಸ್ ಸಂಸ್ಥೆಯ ಫ್ಲೋರಿಡಾ ಕೇಂದ್ರದಲ್ಲಿ ಬೆಳೆದವರು. ಅದೇ ವಿಂಬಲ್ಡನ್‌ನಲ್ಲಿ ಬಾಲಕರ ಸಿಂಗಲ್ಸ್ ಕೂಡ ಗೆದ್ದಿದ್ದರು. 2019ರ ಫೆಬ್ರುವರಿ ಹೊತ್ತಿಗೆ ಮೊದಲ ಎಟಿಪಿ ಪ್ರಶಸ್ತಿ ಅವರ ಕೈಲಿತ್ತು. ಅದೇ ತಿಂಗಳು ನಗಾಲ್ ರ‍್ಯಾಂಕಿಂಗ್ ಪಟ್ಟಿಯಲ್ಲಿ ಮುನ್ನೂರರ ಆಚೆ ಇದ್ದರು. ಇಬ್ಬರ ನಡುವಿನ ಎತ್ತರ, ಸರ್ವ್‌ನ ವೇಗ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ, ಆ ನಾಲ್ಕು ವರ್ಷಗಳಲ್ಲಿ ಒಬ್ಬನ ಬೆನ್ನಿಗೆ ಯಾರಿದ್ದರು, ಇನ್ನೊಬ್ಬನ ಬೆನ್ನಿಗೆ ಯಾರಿದ್ದರು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಕೆಳಗಿನ ಮೆಟ್ಟಿಲುಗಳ ಲೆಕ್ಕ

ಟೆನಿಸ್‌ನಲ್ಲಿ ವೃತ್ತಿಪರ ಆಟಗಾರ ಆಗುವುದು ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕ್ರಿಕೆಟ್‌ನಲ್ಲಿ ರಾಜ್ಯ ತಂಡಕ್ಕೆ ಆಯ್ಕೆಯಾದ ಹುಡುಗನಿಗೆ ಪಂದ್ಯದ ಸಂಭಾವನೆ ಬರುತ್ತದೆ. ಪ್ರಯಾಣ, ವಸತಿ, ಕೋಚ್, ಫಿಸಿಯೊ ಎಲ್ಲ ಸಂಸ್ಥೆಯದೇ. ಟೆನಿಸ್ ಆಟಗಾರನಿಗೆ ಯಾವ ಸಂಬಳವೂ ಇಲ್ಲ. ವಿಮಾನದ ಟಿಕೆಟ್ ಅವನದು, ಕೋಚ್ ಜೊತೆಗಿದ್ದರೆ ಆ ಟಿಕೆಟ್ಟೂ ಅವನದೇ. ಊಟ, ವೀಸಾ, ಫಿಸಿಯೊ, ರ‍್ಯಾಕೆಟ್ ಗಟ್ಟಿಂಗ್, ಶೂ ಎಲ್ಲದಕ್ಕೂ ತನ್ನ ಜೇಬಿನಿಂದಲೇ ಕೊಡಬೇಕು. ಸೋತ ವಾರವೂ ಖರ್ಚು ನಿಲ್ಲುವುದಿಲ್ಲ.

ತೀರಾ ಕೆಳಗಿನ ಹಂತ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ ಸಣ್ಣ ಟೂರ್ನಿಗಳದು. ಒಟ್ಟು 15 ಸಾವಿರ ಡಾಲರ್ ಬಹುಮಾನದ ಟೂರ್ನಿಯಲ್ಲಿ ವಾರವಿಡೀ ಆಡಿ ಪ್ರಶಸ್ತಿ ಗೆದ್ದವನಿಗೆ ಎರಡು ಸಾವಿರ ಡಾಲರ್‌ಗಿಂತ ಕೊಂಚ ಹೆಚ್ಚು ಸಿಗುತ್ತದೆ. ಮೊದಲ ಸುತ್ತಿನಲ್ಲಿ ಸೋತವನ ಪಾಲು ನೂರೈವತ್ತು ಡಾಲರ್ ಆಸುಪಾಸು. ಅದರಲ್ಲಿ ತೆರಿಗೆ ಬೇರೆ ಕಡಿತ. ಅದರ ಮೇಲಿನದು ಚಾಲೆಂಜರ್ ಹಂತ. ಇನ್ನೂ ಮೇಲೆ ಎಟಿಪಿ 250, 500, 1000ರ ಟೂರ್ನಿಗಳು, ತುದಿಯಲ್ಲಿ ನಾಲ್ಕು ಗ್ರ್ಯಾಂಡ್ ಸ್ಲಾಮ್. ಹಣ ಇರುವುದು ಆ ತುದಿಯಲ್ಲಿ. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನ ಪ್ರಧಾನ ಸುತ್ತಿಗೆ 128 ಮಂದಿಗೆ ಜಾಗ. ರ‍್ಯಾಂಕಿಂಗ್ ಬಲದಿಂದ ನೇರ ಪ್ರವೇಶ ಪಡೆಯುವವರು ನೂರು ಚಿಲ್ಲರೆ ಮಂದಿ. 16 ಮಂದಿ ಅರ್ಹತಾ ಸುತ್ತಿನ ಮೂರು ಪಂದ್ಯ ಗೆದ್ದು ಬರುತ್ತಾರೆ. ಉಳಿದ ಕೆಲವು ಜಾಗ ವೈಲ್ಡ್ ಕಾರ್ಡ್‌ನವರದು, ಅವು ಬಹುಪಾಲು ಆತಿಥೇಯ ದೇಶದ ಆಟಗಾರರಿಗೆ ಹೋಗುತ್ತವೆ.

ಅಂದರೆ ಜಗತ್ತಿನಲ್ಲಿ 105ನೇ ಸ್ಥಾನದಲ್ಲಿರುವವನ ಬದುಕು ಒಂದು ತೆರ, 305ನೇ ಸ್ಥಾನದವನದು ಇನ್ನೊಂದೇ ತೆರ. ಇಬ್ಬರ ಆಟದ ನಡುವೆ ಅಂಥ ಅಜಗಜಾಂತರ ಇರುವುದಿಲ್ಲ. ಅಭ್ಯಾಸದಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದರೆ ಯಾರು ಯಾರೆಂದು ಹೇಳಲು ನೋಡುಗನಿಗೆ ಕಷ್ಟ. ಇದರ ಮೇಲೆ ಇನ್ನೊಂದು ಪೆಟ್ಟಿದೆ: ಗಳಿಸಿದ ಅಂಕಕ್ಕೆ 52 ವಾರದ ಆಯಸ್ಸು. ಕಳೆದ ವರ್ಷ ಈ ವಾರ ಗೆದ್ದದ್ದನ್ನು ಈ ವರ್ಷ ಈ ವಾರ ಮತ್ತೆ ಗೆಲ್ಲಬೇಕು, ಇಲ್ಲವೇ ಅಷ್ಟು ಅಂಕ ಬೇರೆಲ್ಲಾದರೂ ಸಂಪಾದಿಸಬೇಕು. ಗಾಯವಾಗಿ ಕೂತರೆ ಪಟ್ಟಿಯಲ್ಲಿ ಹೆಸರು ತಾನಾಗಿಯೇ ಜಾರುತ್ತಾ ಹೋಗುತ್ತದೆ.

ನಗಾಲ್ ಅವರ ಮೊದಲ ಐದಾರು ವರ್ಷಗಳನ್ನು ಈ ಲೆಕ್ಕದ ಬೆಳಕಿನಲ್ಲಿ ನೋಡದಿದ್ದರೆ ಅವರ ಕಥೆ ಅರ್ಥವಾಗುವುದಿಲ್ಲ.

ಕಬ್ಬನ್ ಪಾರ್ಕಿನ ಆ ವಾರ

2016ರಲ್ಲಿ ದೆಹಲಿಯಲ್ಲಿ ಸ್ಪೇನ್ ವಿರುದ್ಧ ನಗಾಲ್ ಡೇವಿಸ್ ಕಪ್‌ಗೆ ಕಾಲಿಟ್ಟರು. ಮರುವರ್ಷವೇ ಅಖಿಲ ಭಾರತ ಟೆನಿಸ್ ಸಂಸ್ಥೆ ಶಿಸ್ತಿನ ಕಾರಣ ನೀಡಿ ಅವರನ್ನು ತಂಡದಿಂದ ಹೊರಗಿಟ್ಟಿತು. ಹತ್ತೊಂಬತ್ತರ ಹುಡುಗನಿಗೆ ಅದು ಸಣ್ಣ ಪೆಟ್ಟಲ್ಲ. ಪ್ರತಿಭೆ ಇದೆ, ಆದರೆ ನಿಲ್ಲುವವನಲ್ಲ ಎಂಬ ಮಾತು ಟೆನಿಸ್ ವಲಯದಲ್ಲಿ ಓಡಾಡತೊಡಗಿತ್ತು.

ಅಂಥ ವರ್ಷದ ಕೊನೆಯಲ್ಲಿ, 2017ರ ನವೆಂಬರ್‌ನಲ್ಲಿ, ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣದಲ್ಲಿ ಬೆಂಗಳೂರು ಓಪನ್ ಚಾಲೆಂಜರ್ ನಡೆಯಿತು. ಕಬ್ಬನ್ ಪಾರ್ಕಿನ ಮರಗಳ ನಡುವಿನ ಈ ಹಾರ್ಡ್ ಕೋರ್ಟ್‌ಗಳಿಗೆ ತಮ್ಮದೇ ಒಂದು ಗುಣವಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ರ‍್ಯಾಕೆಟ್‌ನಿಂದ ಬೇಗ ಹಾರುತ್ತದೆ, ಹಿಡಿತ ತಪ್ಪಿದರೆ ಗೆರೆಯಾಚೆ ಬೀಳುತ್ತದೆ. ಕೆಳಮಟ್ಟದ ಊರುಗಳಿಂದ ಬಂದವರು ಮೊದಲೆರಡು ದಿನ ಇದಕ್ಕೆ ಒಗ್ಗಿಕೊಳ್ಳಲು ಪರದಾಡುವುದುಂಟು. ಚಿಕ್ಕವನಾಗಿ ಇದೇ ಊರಿನಲ್ಲಿ ಚೆಂಡು ಹೊಡೆದು ಬೆಳೆದ ಹುಡುಗನಿಗೆ ಈ ಗಾಳಿ ಹೊಸದಾಗಿರಲಿಲ್ಲ.

ನಗಾಲ್ ಅವರ ರ‍್ಯಾಂಕಿಂಗ್ ಆಗ ಮುನ್ನೂರರ ಆಚೆ. ಸೆಮಿಫೈನಲ್‌ನಲ್ಲಿ ಎದುರಾದವರು ಯೂಕಿ ಭಾಂಬ್ರಿ. ಅದೇ ವರ್ಷ ವಾಷಿಂಗ್ಟನ್‌ನಲ್ಲಿ ಗೇಲ್ ಮೊನ್‌ಫಿಸ್ ಅವರನ್ನು ಸೋಲಿಸಿದ್ದ, ಹಿಂದಿನ ವಾರವಷ್ಟೇ ಪುಣೆಯ ಚಾಲೆಂಜರ್ ಗೆದ್ದು ಬಂದಿದ್ದ ಆಟಗಾರ. ಅವರನ್ನು ನಗಾಲ್ ನೇರ ಸೆಟ್‌ಗಳಲ್ಲಿ ಸೋಲಿಸಿದರು. ಫೈನಲ್‌ನಲ್ಲಿ ಬ್ರಿಟನ್ನಿನ ಜೇ ಕ್ಲಾರ್ಕ್ ವಿರುದ್ಧ 6–3, 3–6, 6–2ರ ಗೆಲುವು. ವೃತ್ತಿಜೀವನದ ಮೊದಲ ಚಾಲೆಂಜರ್ ಪ್ರಶಸ್ತಿ ಅದು. ಒಂದೇ ವಾರದಲ್ಲಿ ಅವರ ಹೆಸರು ಮುನ್ನೂರರ ಆಚೆಯಿಂದ ಇನ್ನೂರರ ಕಡೆಗೆ ದೊಡ್ಡ ಜಿಗಿತ ಜಿಗಿಯಿತು.

ಆ ವಾರದ ಮಹತ್ವ ಪ್ರಶಸ್ತಿಯಲ್ಲಿ ಮಾತ್ರ ಇಲ್ಲ. ಯುರೋಪಿನಲ್ಲಿ ಅಷ್ಟೇ ಅಂಕ ಗಳಿಸಲು ನಗಾಲ್ ಎಷ್ಟು ವಾರ ಹೋಟೆಲ್ ಬಾಡಿಗೆ ತೆರಬೇಕಿತ್ತು, ಎಷ್ಟು ಊರು ಸುತ್ತಬೇಕಿತ್ತು! ತವರಿನಲ್ಲಿ ಒಂದು ಚಾಲೆಂಜರ್ ಇದ್ದರೆ ವೀಸಾ ಗೋಜಿಲ್ಲ, ಊಟ ಬಾಯಿಗೆ ಹಿಡಿಸುತ್ತದೆ, ಗ್ಯಾಲರಿಯಲ್ಲಿ ಹೆಸರು ಹಿಡಿದು ಕೂಗುವವರಿರುತ್ತಾರೆ. ಮರುವರ್ಷ ಇದೇ ಅಂಕಣದಲ್ಲಿ ಚೆನ್ನೈನ ಪ್ರಜ್ಞೇಶ್ ಗುಣೇಶ್ವರನ್ ಗೆದ್ದರು. 2019ರ ಆರಂಭದಲ್ಲೇ ಅವರು ಮೊದಲ ನೂರರೊಳಗೆ ಬಂದರು. ಎರಡು ವರ್ಷ ಎರಡು ಬಾರಿ ಬೆಂಗಳೂರಿನ ಒಂದು ಟೂರ್ನಿ ಭಾರತದ ಇಬ್ಬರು ಆಟಗಾರರನ್ನು ಮೇಲಕ್ಕೆತ್ತಿತು.

ಇಳಿದು ಏರಿದ ವರ್ಷ

2018 ನಗಾಲ್ ಅವರಿಗೆ ಕೆಟ್ಟ ವರ್ಷ. ಮೊದಲ ಸುತ್ತಿನ ಸೋಲುಗಳು ಒಂದರ ಹಿಂದೆ ಒಂದು. ಬೆಂಗಳೂರಿನ ಅಂಕ ಹೋದ ಮೇಲೆ 2019ರ ಆರಂಭದಲ್ಲಿ ಅವರು ಮತ್ತೆ ಮುನ್ನೂರೈವತ್ತರ ಆಚೆ ನಿಂತಿದ್ದರು. ಇಪ್ಪತ್ತೊಂದರ ವಯಸ್ಸು, ಕೈಯಲ್ಲಿ ಕಾಸಿಲ್ಲ, ಪಟ್ಟಿಯಲ್ಲಿ ಸ್ಥಾನವಿಲ್ಲ. ಆಟ ಬಿಟ್ಟು ಅಕಾಡೆಮಿಯೊಂದರಲ್ಲಿ ಕೋಚ್ ಆಗುವ, ಇಲ್ಲವೇ ಕ್ರೀಡಾ ಕೋಟಾದ ಸರ್ಕಾರಿ ಕೆಲಸ ಹುಡುಕುವ ತೀರ್ಮಾನಕ್ಕೆ ನಮ್ಮ ಹುಡುಗರು ಬರುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲಿಯೇ. ವಿರಾಟ್ ಕೊಹ್ಲಿ ಅವರ ಪ್ರತಿಷ್ಠಾನ 2017ರಿಂದ ಕೊಡುತ್ತಿದ್ದ ನೆರವು ಇಲ್ಲದಿದ್ದರೆ ಆ ದಿನಗಳನ್ನು ದಾಟುವುದು ಕಷ್ಟವಿತ್ತು ಎಂದು ನಗಾಲ್ ಅವರೇ ಕೃತಜ್ಞತೆಯಿಂದ ಹೇಳಿದ್ದಾರೆ.

ಜರ್ಮನಿಯ ಪೈನೆ ಎಂಬ ಸಣ್ಣ ಊರಿನಲ್ಲಿರುವ ನೆನ್ಸೆಲ್ ಅಕಾಡೆಮಿ ಅವರ ನೆಲೆಯಾಯಿತು. ಅಲ್ಲಿ ಅವರು ತಮ್ಮ ಆಟಕ್ಕೆ ಯಾವ ನೆಲ ಸರಿ ಎಂಬುದನ್ನು ಕಂಡುಕೊಂಡರು. ಐದಡಿ ಹತ್ತಿಂಚು ಎತ್ತರದ ನಗಾಲ್ ಅವರ ಸರ್ವ್ ಇಂದಿನ ಟೆನಿಸ್‌ಗೆ ಹೋಲಿಸಿದರೆ ಸಾಧಾರಣ. ಅವರ ಆಸ್ತಿ ಫೋರ್‌ಹ್ಯಾಂಡ್: ಚೆಂಡಿಗೆ ಗಾಢ ಸುತ್ತು ಕೊಟ್ಟು ಎದುರಾಳಿಯ ಭುಜದೆತ್ತರಕ್ಕೆ ಪುಟಿಸುವ ಹೊಡೆತ. ಜೊತೆಗೆ ಚುರುಕು ಕಾಲು, ಎಷ್ಟು ಹೊತ್ತಾದರೂ ರ‍್ಯಾಲಿ ಬಿಟ್ಟುಕೊಡದ ಸ್ವಭಾವ. ವೇಗದ ಅಂಕಣದಲ್ಲಿ ಎರಡೇ ಹೊಡೆತಕ್ಕೆ ಮುಗಿಯುವ ಪಾಯಿಂಟ್ ಆವೆ ಮಣ್ಣಿನ ಅಂಕಣದಲ್ಲಿ ಹತ್ತು–ಹನ್ನೆರಡು ಹೊಡೆತಕ್ಕೆ ಬೆಳೆಯುತ್ತದೆ. ನಗಾಲ್‌ಗೆ ಬೇಕಾದದ್ದು ಅದೇ. ಹುಲ್ಲಿನ ಮೇಲೆ, ಹಾರ್ಡ್ ಕೋರ್ಟ್ ಮೇಲೆ ಬೆಳೆದ ಭಾರತೀಯ ಟೆನಿಸ್‌ನ ಪರಂಪರೆಗೆ ಇದು ಹೊರಗಿನ ದಾರಿ. ಕೃಷ್ಣನ್, ಅಮೃತರಾಜ್, ಪೇಸ್ ಎಲ್ಲರೂ ನೆಟ್ ಬಳಿ ಸೂಕ್ಷ್ಮ ಕೈಚಳಕ ತೋರಿದವರು. ನಗಾಲ್ ಹಿಂದಿನ ಗೆರೆಯಾಚೆ ನಿಂತು ಬೆವರು ಸುರಿಸುವ ಆಟಗಾರ. ಆ ಧೈರ್ಯ ನನಗೆ ಬಹಳ ಇಷ್ಟ.

2019ರಲ್ಲಿ ಚಾಲೆಂಜರ್ ಸೆಮಿಫೈನಲ್‌ಗಳು ಕೈಗೂಡತೊಡಗಿದವು. ಜುಲೈನಲ್ಲಿ ಹ್ಯಾಂಬರ್ಗ್ ಎಟಿಪಿ ಟೂರ್ನಿಗೆ ಅರ್ಹತೆ ಪಡೆದು ರಿಷಾರ್ ಗ್ಯಾಸ್ಕೆ ಎದುರು ಆಡಿದರು. ಆಗಸ್ಟ್‌ನಲ್ಲಿ ಅಮೆರಿಕ ಓಪನ್ ಅರ್ಹತಾ ಸುತ್ತು. ಕೊನೆಯ ಪಂದ್ಯದಲ್ಲಿ ಬ್ರೆಜಿಲ್‌ನ ಜೋವಾವ್ ಮೆನೆಜೆಸ್ ಎದುರು ಮೊದಲ ಸೆಟ್ ಸೋತು, 5–7, 6–4, 6–3ರಿಂದ ಗೆದ್ದರು. ಪ್ರಧಾನ ಸುತ್ತಿನ ಡ್ರಾ ಹೊರಬಿತ್ತು. ಎದುರಾಳಿ: ರೋಜರ್ ಫೆಡರರ್.

ಆಗಸ್ಟ್ 26ರ ರಾತ್ರಿ, ನ್ಯೂಯಾರ್ಕಿನ ಆರ್ಥರ್ ಆ್ಯಶ್ ಕ್ರೀಡಾಂಗಣ. ಆಸನಗಳೇ 23 ಸಾವಿರಕ್ಕೂ ಹೆಚ್ಚು. ಮೊದಲು ಸೆರೆನಾ ವಿಲಿಯಮ್ಸ್ ಮತ್ತು ಮರಿಯಾ ಶರಪೋವಾ ಪಂದ್ಯ, ಅದಾದ ಮೇಲೆ ನಗಾಲ್. ನಮಗಿಲ್ಲಿ ಮಂಗಳವಾರ ಬೆಳಗಿನ ಕಾಫಿಯ ಹೊತ್ತು. ವಿಶ್ವದ 190ನೇ ರ‍್ಯಾಂಕ್‌ನ ಹುಡುಗ, ಅದುವರೆಗೆ ಯಾವ ಗ್ರ್ಯಾಂಡ್ ಸ್ಲಾಮ್‌ನ ಪ್ರಧಾನ ಸುತ್ತಿನಲ್ಲೂ ಆಡಿರದವನು, 20 ಗ್ರ್ಯಾಂಡ್ ಸ್ಲಾಮ್ ಗೆದ್ದವರ ಎದುರು ಮೊದಲ ಸೆಟ್ಟನ್ನು 6–4ರಿಂದ ಗೆದ್ದ. ಭಯಭಕ್ತಿಯಿಂದ ಆಡಿದವನ ಆಟ ಅದಾಗಿರಲಿಲ್ಲ. ಫೆಡರರ್ ಅವರ ಬ್ಯಾಕ್‌ಹ್ಯಾಂಡ್ ಕಡೆಗೆ ಚೆಂಡನ್ನು ಮತ್ತೆ ಮತ್ತೆ ಎತ್ತರಕ್ಕೆ ಪುಟಿಸಿ, ಅವರು ತಪ್ಪುವವರೆಗೂ ಕಾದು, ತನ್ನ ಯೋಜನೆಯನ್ನು ಬಿಡದೆ ಆಡಿದ. ಫೆಡರರ್ ತಮ್ಮ ಲಯಕ್ಕೆ ಬಂದ ಮೇಲೆ ಉಳಿದ ಮೂರು ಸೆಟ್‌ಗಳು 1–6, 2–6, 4–6 ಆದವು. ಕೊನೆಯ ಸೆಟ್‌ನಲ್ಲೂ ನಗಾಲ್ ಬ್ರೇಕ್ ಪಾಯಿಂಟ್‌ಗಳಿಗಾಗಿ ಹೋರಾಡುತ್ತಲೇ ಇದ್ದರು. ಪಂದ್ಯದ ನಂತರ ಫೆಡರರ್ ಅವರ ಆಟದ ಸ್ಥಿರತೆಯನ್ನು ಮೆಚ್ಚಿ ಮಾತನಾಡಿದರು. ಅದೇ ಸುತ್ತಿನಲ್ಲಿ ಪ್ರಜ್ಞೇಶ್ ಅವರಿಗೆ ಸಿಕ್ಕ ಎದುರಾಳಿ ಡೇನಿಯಲ್ ಮೆಡ್ವೆಡೆವ್, ಆ ಟೂರ್ನಿಯ ಫೈನಲ್‌ವರೆಗೆ ಹೋದವರು. ಡ್ರಾ ವಿಷಯದಲ್ಲಿ ಆ ವರ್ಷ ನಮ್ಮವರಿಗೆ ಅದೃಷ್ಟ ಇರಲಿಲ್ಲ.

ಮರುದಿನ ದೇಶವಿಡೀ ಆ ಒಂದು ಸೆಟ್ಟಿನ ಮಾತಾಡಿತು. ನಗಾಲ್ ಅವರ ಬದುಕಿನಲ್ಲಿ ಹೆಚ್ಚು ಬದಲಾವಣೆ ತಂದದ್ದು ಮಾತ್ರ ಮೊದಲ ಸುತ್ತಿನ ಬಹುಮಾನದ ಹಣ: 58 ಸಾವಿರ ಡಾಲರ್, ಆಗಿನ ಲೆಕ್ಕದಲ್ಲಿ 40 ಲಕ್ಷ ರೂಪಾಯಿಗೂ ಹೆಚ್ಚು. ಅದು ಕೆಲವು ತಿಂಗಳ ಕೋಚ್, ಪ್ರಯಾಣ, ನೆಮ್ಮದಿ. ಒಂದು ತಿಂಗಳಲ್ಲಿ ಅವರು ಬ್ಯೂನಸ್ ಐರಿಸ್‌ಗೆ ಹೋಗಿ, ಅರ್ಜೆಂಟೀನಾದ ಫಾಕುಂಡೊ ಬಾಗ್ನಿಸ್ ಅವರನ್ನು ಅವರದೇ ಮಣ್ಣಿನಲ್ಲಿ 6–4, 6–2ರಿಂದ ಸೋಲಿಸಿ ಎರಡನೇ ಚಾಲೆಂಜರ್ ಪ್ರಶಸ್ತಿ ಗೆದ್ದರು. ಆವೆ ಮಣ್ಣನ್ನೇ ಉಸಿರಾಡುವ ಆ ದೇಶದಲ್ಲಿ ಭಾರತೀಯನೊಬ್ಬ ಹೀಗೆ ಗೆಲ್ಲುವುದು ಫೆಡರರ್ ಎದುರಿನ ಸೆಟ್‌ಗಿಂತ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ. ಆದರೆ ಅದನ್ನು ಟಿ.ವಿ.ಯಲ್ಲಿ ನೋಡಿದವರು ಬೆರಳೆಣಿಕೆಯಷ್ಟು.

ಖಾತೆಯಲ್ಲಿ 900 ಯೂರೊ

ಮುಂದಿನದು ಬೇಗ ಹೇಳಬಹುದು. 2020ರ ಅಮೆರಿಕ ಓಪನ್‌ನಲ್ಲಿ ಬ್ರಾಡ್ಲಿ ಕ್ಲಾನ್ ವಿರುದ್ಧ ಗೆದ್ದು, 2013ರ ಸೋಮದೇವ್ ದೇವವರ್ಮನ್ ನಂತರ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಪಂದ್ಯ ಗೆದ್ದ ಭಾರತದ ಮೊದಲ ಪುರುಷ ಆಟಗಾರ ಎನಿಸಿದರು. ಎರಡನೇ ಸುತ್ತಿನಲ್ಲಿ ಡೊಮಿನಿಕ್ ಥೀಮ್ ಎದುರು ಸೋತರು, ಥೀಮ್ ಆ ಸಲ ಚಾಂಪಿಯನ್ ಆದರು. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡೆನಿಸ್ ಇಸ್ತೊಮಿನ್ ಅವರನ್ನು ಮಣಿಸಿದರು. ಒಲಿಂಪಿಕ್ಸ್ ಸಿಂಗಲ್ಸ್‌ನಲ್ಲಿ ಪಂದ್ಯ ಗೆದ್ದ ಭಾರತದ ಪುರುಷರಲ್ಲಿ ಜೀಶನ್ ಅಲಿ, ಪೇಸ್ ನಂತರ ಅವರು ಮೂರನೆಯವರು. ಆ ವರ್ಷದ ಕೊನೆಗೆ ಸೊಂಟದ ಶಸ್ತ್ರಚಿಕಿತ್ಸೆ. ತಿಂಗಳುಗಟ್ಟಲೆ ವಿಶ್ರಾಂತಿ. ರ‍್ಯಾಂಕಿಂಗ್ ಆರುನೂರರ ಆಚೆಗೆ ಕುಸಿಯಿತು.

ಇಪ್ಪತ್ತೈದರ ವಯಸ್ಸಿನಲ್ಲಿ ಮತ್ತೆ ತಳದಿಂದ ಏರಬೇಕಾಯಿತು. 2023ರ ಮೊದಲ ತಿಂಗಳುಗಳಲ್ಲಿ ಜರ್ಮನಿಯ ತಮ್ಮ ಅಕಾಡೆಮಿಯಲ್ಲಿ ತರಬೇತಿ ಪಡೆಯಲೂ ಹಣವಿಲ್ಲದೆ, ಸೋಮದೇವ್ ದೇವವರ್ಮನ್ ಅವರಂಥ ಸ್ನೇಹಿತರ ನೆರವಿನಿಂದ ದಿನ ದೂಡಿದರು. ಏಪ್ರಿಲ್‌ನಲ್ಲಿ ರೋಮ್ ಚಾಲೆಂಜರ್ ಗೆದ್ದರು; ಯುರೋಪಿನ ಆವೆ ಮಣ್ಣಿನಲ್ಲಿ ಚಾಲೆಂಜರ್ ಗೆದ್ದ ಮೊದಲ ಭಾರತೀಯ ಪುರುಷ. ಜುಲೈನಲ್ಲಿ ಫಿನ್ಲೆಂಡಿನ ಟಾಂಪೆರೆ. ಇಷ್ಟೆಲ್ಲ ಗೆದ್ದ ಮೇಲೂ ಸೆಪ್ಟೆಂಬರ್‌ನಲ್ಲಿ ಪಿಟಿಐ ಸುದ್ದಿಸಂಸ್ಥೆಗೆ ಅವರು ಹೇಳಿದ ಸಂಗತಿ ಓದಿ ಹೊಟ್ಟೆ ತೊಳಸಿದಂತಾಯಿತು. ಭಾರತದ ನಂಬರ್ ಒನ್ ಸಿಂಗಲ್ಸ್ ಆಟಗಾರನ ಬ್ಯಾಂಕ್ ಖಾತೆಯಲ್ಲಿ ಉಳಿದಿದ್ದದ್ದು 900 ಯೂರೊ, ಸುಮಾರು 80 ಸಾವಿರ ರೂಪಾಯಿ. ಆ ವರ್ಷ 24 ಟೂರ್ನಿ ಆಡಿ ಗಳಿಸಿದ್ದು ಸುಮಾರು 65 ಲಕ್ಷ ರೂಪಾಯಿ. ವರ್ಷವಿಡೀ ಒಬ್ಬ ಕೋಚ್ ಜೊತೆ ತಿರುಗಾಡಲು ಬೇಕಾಗುವುದು 80 ಲಕ್ಷದಿಂದ ಒಂದು ಕೋಟಿ. ಫಿಸಿಯೊ ಇಲ್ಲದ ಲೆಕ್ಕ ಇದು. ಬಹುಮಾನದ ಹಣ, ನೌಕರಿಯ ಸಂಬಳ, ಮಹಾ ಟೆನಿಸ್ ಪ್ರತಿಷ್ಠಾನದ ನೆರವು ಎಲ್ಲವನ್ನೂ ಆಟಕ್ಕೇ ಸುರಿದು ಉಳಿದಿದ್ದ ಹಣ ಅಷ್ಟು.

ಆ ಸುದ್ದಿ ಬಂದ ಮೇಲೆ ಕಂಪನಿಗಳು, ಟೆನಿಸ್ ಸಂಸ್ಥೆಗಳು ಮುಂದೆ ಬಂದವು. ಬಂದದ್ದು ಒಳ್ಳೆಯದೇ. ಆದರೆ ಆಟಗಾರನೊಬ್ಬ ತನ್ನ ಬ್ಯಾಂಕ್ ಪಾಸ್‌ಬುಕ್ಕನ್ನು ದೇಶದ ಮುಂದೆ ಬಿಚ್ಚಿಡುವವರೆಗೆ ನಾವೆಲ್ಲ ಏನು ಮಾಡುತ್ತಿದ್ದೆವು?

ಎಟಿಪಿಯೂ ಅದೇ ಹೊತ್ತಿಗೆ ಕಣ್ಣು ತೆರೆಯಿತು. 2024ರಿಂದ ಜಾರಿಗೆ ಬಂದ 'ಬೇಸ್‌ಲೈನ್' ಯೋಜನೆಯಲ್ಲಿ ಮೊದಲ 100 ರ‍್ಯಾಂಕ್‌ನವರಿಗೆ ವರ್ಷಕ್ಕೆ ಕನಿಷ್ಠ 3 ಲಕ್ಷ ಡಾಲರ್, 101ರಿಂದ 175ರವರೆಗೆ ಒಂದೂವರೆ ಲಕ್ಷ, 176ರಿಂದ 250ರವರೆಗೆ 75 ಸಾವಿರ ಡಾಲರ್ ಆದಾಯದ ಖಾತರಿ ಕೊಡಲಾಯಿತು. ಗಳಿಕೆ ಅದಕ್ಕಿಂತ ಕಡಿಮೆಯಾದರೆ ಉಳಿದದ್ದನ್ನು ಎಟಿಪಿ ತುಂಬಿಕೊಡುತ್ತದೆ. ಗಾಯಾಳುಗಳಿಗೆ ಬೇರೆ ನೆರವಿದೆ. ಟೆನಿಸ್ ಆಡಳಿತ ಇತ್ತೀಚೆಗೆ ಮಾಡಿದ ಅತ್ಯಂತ ನ್ಯಾಯವಾದ ಕೆಲಸ ಇದು. ಆದರೆ 250ರ ಕೆಳಗಿನವರಿಗೆ ಈ ಕೊಡೆಯ ನೆರಳಿಲ್ಲ. ನಮ್ಮ ಹೆಚ್ಚಿನ ಹುಡುಗರು ಇರುವುದು ಅಲ್ಲಿಯೇ.

2024ರ ಜನವರಿಯಲ್ಲಿ ಮೆಲ್ಬರ್ನ್. ವೈಲ್ಡ್ ಕಾರ್ಡ್ ಇಲ್ಲದೆ, ಅರ್ಹತಾ ಸುತ್ತಿನ ಮೂರು ಪಂದ್ಯ ಗೆದ್ದು ನಗಾಲ್ ಒಳಬಂದರು. 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು 6–4, 6–2, 7–6ರಿಂದ ಸೋಲಿಸಿದರು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತನೊಬ್ಬನನ್ನು ಭಾರತೀಯ ಪುರುಷ ಆಟಗಾರ ಹಿಂದೆ ಸೋಲಿಸಿದ್ದು 1989ರಲ್ಲಿ, ಇದೇ ಟೂರ್ನಿಯಲ್ಲಿ ರಮೇಶ್ ಕೃಷ್ಣನ್ ಅವರು ಆಗಿನ ನಂಬರ್ ಒನ್ ಮ್ಯಾಟ್ಸ್ ವಿಲಾಂಡರ್ ಅವರನ್ನು ಮಣಿಸಿದಾಗ. ಆ ಬಾರಿಯ ಟೂರ್ನಿಯಲ್ಲೇ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಪುರುಷರ ಡಬಲ್ಸ್ ಗೆದ್ದು, ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದರು. ಮುಂದಿನ ತಿಂಗಳು ನಗಾಲ್ ಚೆನ್ನೈ ಚಾಲೆಂಜರ್ ಫೈನಲ್‌ನಲ್ಲಿ ಇಟಲಿಯ ಲುಕಾ ನಾರ್ಡಿ ಅವರನ್ನು 6–1, 6–4ರಿಂದ ಸೋಲಿಸಿದರು. ರ‍್ಯಾಂಕಿಂಗ್ 98. ಜುಲೈ ವೇಳೆಗೆ 68.

ನೂರರೊಳಗಿನ ಬಾಗಿಲು ತೆರೆದದ್ದೂ ತವರಿನ ಚಾಲೆಂಜರ್‌ನಿಂದಲೇ ಎಂಬುದನ್ನು ಗಮನಿಸಿ. ಮೊದಲ ಹೆಜ್ಜೆ ಬೆಂಗಳೂರಿನಲ್ಲಿ, ಮುಖ್ಯ ಹೆಜ್ಜೆ ಚೆನ್ನೈನಲ್ಲಿ.

ಇಟಲಿಯ ಯಾನಿಕ್ ಸಿನ್ನರ್ 2019ರ ಫೆಬ್ರುವರಿಯಲ್ಲಿ ಬೆರ್ಗಾಮೊ ಚಾಲೆಂಜರ್ ಗೆದ್ದಾಗ ಅವರಿಗೆ 17 ವರ್ಷ. ರ‍್ಯಾಂಕಿಂಗ್ ಐನೂರರ ಆಚೆ. ತವರಿನ ಸಂಘಟಕರು ಕೊಟ್ಟ ವೈಲ್ಡ್ ಕಾರ್ಡ್‌ನಿಂದ ಆಡಿದ್ದರು. ಸಿನ್ನರ್ ಅವರಂಥ ಪ್ರತಿಭೆ ಎಲ್ಲಿದ್ದರೂ ಮೇಲೆ ಬರುತ್ತಿತ್ತು ಎಂದು ವಾದಿಸಬಹುದು. ಆದರೆ ಇಟಲಿಯ ಹುಡುಗನಿಗೆ ರೈಲು ಹತ್ತಿ ಹೋಗಿ ಆಡಬಲ್ಲ ಚಾಲೆಂಜರ್‌ಗಳು ವರ್ಷವಿಡೀ ಒಂದಲ್ಲ ಒಂದು ಊರಿನಲ್ಲಿ ನಡೆಯುತ್ತವೆ. ಆ ದೇಶದಿಂದ ಒಬ್ಬ ಸಿನ್ನರ್ ಜೊತೆಗೆ ನೂರರೊಳಗಿನ ಮತ್ತೆಷ್ಟೋ ಆಟಗಾರರು ಬಂದದ್ದು ಹಾಗೆ. 2024ರ ಫೆಬ್ರುವರಿ–ಮಾರ್ಚ್‌ನಲ್ಲಿ ಭಾರತದಲ್ಲಿ ಚೆನ್ನೈ, ಬೆಂಗಳೂರು, ಪುಣೆ, ದೆಹಲಿ ಎಂದು ನಾಲ್ಕು ಚಾಲೆಂಜರ್‌ಗಳು ಸಾಲಾಗಿ ನಡೆದವು. ನಗಾಲ್ ಒಂದನ್ನು ಗೆದ್ದು, ಬೆಂಗಳೂರಿನಲ್ಲಿ ಸೆಮಿಫೈನಲ್ ತಲುಪಿದರು. ಆ ಒಂದು ತಿಂಗಳು ಮುಗಿದರೆ ಮತ್ತೆ ಪಾಸ್‌ಪೋರ್ಟ್ ಹಿಡಿದು ಹೊರಡಬೇಕು. ದೇಶದ ಏಕೈಕ ಎಟಿಪಿ 250 ಟೂರ್ನಿ, ಚೆನ್ನೈನಿಂದ ಪುಣೆಗೆ ಹೋಗಿದ್ದದ್ದು, 2023ರ ನಂತರ ನಿಂತೇಹೋಯಿತು.

68ರ ನಂತರ ನಗಾಲ್ ಮತ್ತೆ ಜಾರಿದರು. 2025ರಲ್ಲಿ ಮೆಲ್ಬರ್ನ್, ಚೆನ್ನೈನ ಅಂಕಗಳು ಹೋದವು, ಹೆಸರು ನೂರರಾಚೆಗೆ ಹೋಯಿತು, ಮತ್ತೆ ಚಾಲೆಂಜರ್‌ಗಳ ಸುತ್ತಾಟ. ಆದರೂ ಆ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ ನಡೆದ ಡೇವಿಸ್ ಕಪ್ ಹಣಾಹಣಿಯಲ್ಲಿ ಎರಡೂ ಸಿಂಗಲ್ಸ್ ಗೆದ್ದುಕೊಟ್ಟರು. ಭಾರತ 3–1ರಿಂದ ಗೆದ್ದಿತು. ಯುರೋಪಿನ ತಂಡವೊಂದನ್ನು ಅದರ ನೆಲದಲ್ಲೇ ಭಾರತ ಸೋಲಿಸಿದ್ದು 1993ರ ಫ್ರಾನ್ಸ್ ವಿರುದ್ಧದ ಗೆಲುವಿನ ನಂತರ ಅದೇ ಮೊದಲು.

ನನಗೆ ಹೇಳಬೇಕಾದದ್ದು ಇಷ್ಟು. ಹದಿನೇಳಕ್ಕೆ ಜೂನಿಯರ್ ವಿಂಬಲ್ಡನ್ ಗೆದ್ದ ಹುಡುಗ ನೂರರೊಳಗೆ ಬರಲು ಇಪ್ಪತ್ತಾರು ತುಂಬಬೇಕಾಯಿತು. ಆ ಎಂಟು ವರ್ಷಗಳಲ್ಲಿ ಪ್ರತಿಭೆಯ ಕೊರತೆಯಿಂದ ಹೋದದ್ದು ಸ್ವಲ್ಪ, ಗಾಯದಿಂದ ಹೋದದ್ದು ಸ್ವಲ್ಪ. ಹೆಚ್ಚಿನದು ಹೋದದ್ದು ಮುಂದಿನ ತಿಂಗಳ ಖರ್ಚಿಗೆ ದಾರಿ ಹುಡುಕುವುದರಲ್ಲಿ. ನಮ್ಮಲ್ಲಿ ಮೈಸೂರಿನ ಪ್ರಜ್ವಲ್ ದೇವ್ ಇದ್ದಾರೆ, ಬೆಂಗಳೂರಿನ ಆದಿಲ್ ಕಲ್ಯಾಣಪುರ ಇದ್ದಾರೆ, ಅವರ ಹಿಂದೆ ಇನ್ನೂ ಹೆಸರು ಕೇಳಿರದ ಹುಡುಗ–ಹುಡುಗಿಯರಿದ್ದಾರೆ. ಇವರು ಗೆದ್ದು ಬಂದ ಮೇಲೆ ಚೆಕ್ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಬದಲು, ಮುನ್ನೂರು–ನಾನೂರರ ರ‍್ಯಾಂಕಿಂಗ್‌ನಲ್ಲಿ ಒದ್ದಾಡುವಾಗಲೇ ಮೂರು ವರ್ಷದ ಖರ್ಚಿಗೆ ಖಾತರಿ ಕೊಡುವ ಕಂಪನಿ ಈ ಐಟಿ ರಾಜಧಾನಿಯಲ್ಲಿ ಒಂದಾದರೂ ಇರಬೇಕು. ವರ್ಷಕ್ಕೊಂದು ಚಾಲೆಂಜರ್ ಸಾಲದು. ಬೆಂಗಳೂರಿಗೆ ಇನ್ನೊಂದು ಬೇಕು, ಮೈಸೂರಿಗೂ ಹುಬ್ಬಳ್ಳಿ–ಧಾರವಾಡಕ್ಕೂ ಸಣ್ಣ ಐಟಿಎಫ್ ಟೂರ್ನಿಗಳು ಪ್ರತಿವರ್ಷ ತಪ್ಪದೆ ಬರಬೇಕು. ಟೆನಿಸ್ ಪ್ರಿಯರಾದ ಓದುಗರಲ್ಲಿ ಒಂದು ಕೋರಿಕೆ: ಮುಂದಿನ ಬೆಂಗಳೂರು ಓಪನ್ ಬಂದಾಗ ಫೈನಲ್‌ಗೆ ಕಾಯಬೇಡಿ, ಅರ್ಹತಾ ಸುತ್ತಿನ ದಿನವೇ ಹೋಗಿ, ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ.